ಹಾಡು ತಿದ್ದಿಸಲು ಅವ್ವ ಐರ್ಲೆಂಡಿಗೆ ಹೋದದ್ದು

ಮೊದಲಿಗೆ ಓದುಗರ ಕ್ಷಮೆ ಕೇಳಿಯೇ ಮುಂದುವರಿಯಬೇಕು. ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಗುಮಾಸ್ತೆಯಾಗಿರುವ ನಾನು ಇದುವರೆಗೆ ಬರೆದದ್ದೆಲ್ಲ ಟಿಪ್ಪಣಿ, ಜ್ಞಾಪನ ಮತ್ತು ನೆನಪೋಲೆಗಳು. ಅವುಗಳಲ್ಲಿ ಯಾರೂ ಅಳುವುದಿಲ್ಲ, ಯಾರೂ ನಗುವುದಿಲ್ಲ. ಎಲ್ಲವೂ "ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ" ಎಂದು ಮುಗಿಯುತ್ತವೆ. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಮನೆಯ ಯಾವ ಕಾಗದವನ್ನು ಬರೆಯಬೇಕಾದರೂ ನನ್ನನ್ನೇ ಕರೆಯುತ್ತಾರೆ, ನಾನು ತಪ್ಪು ಬರೆದರೆ ತಿದ್ದುವವರು ಯಾರೂ ಇರುವುದಿಲ್ಲ. ಆ ಭಯ ಇನ್ನೂ ಹೋಗಿಲ್ಲ. ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಕೋಟೆ, ಸೇತುವೆ, ವಸ್ತುಸಂಗ್ರಹಾಲಯಗಳ ವಿವರ ಕೊಡುವುದು ರೂಢಿ. ನಾನು ಅವುಗಳ ಮುಂದೆ ಹಾದುಹೋದದ್ದು ನಿಜವಾದರೂ, ಆ ಹನ್ನೆರಡು ದಿನ ನನ್ನ ಕಣ್ಣು ಹೆಚ್ಚಾಗಿ ಅವ್ವನ ಮುಖದ ಮೇಲೆಯೇ ಇತ್ತು. ಅವಳು ಯಾವ ಕ್ಷಣದಲ್ಲಿ ಜಗಳ ತೆಗೆಯುವಳೋ ಎಂಬ ಆತಂಕದಲ್ಲಿದ್ದವಳಿಗೆ ಕೋಟೆ ಕಾಣುವುದು ಹೇಗೆ?

ಕಮಲಾಪುರ

ನನ್ನ ತವರು ಕಮಲಾಪುರ. ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ತಾಸು. ಅಲ್ಲಿ ನಮ್ಮ ಅಪ್ಪ ಅವ್ವ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದಾರೆ. ತೋಟ ಮನೆಯಿಂದ ಸಾಕಷ್ಟು ದೂರ, ಹಳ್ಳದ ಆಚೆ. ನನ್ನ ತಮ್ಮ ಸಿದ್ದಲಿಂಗ, ನಮಗೆಲ್ಲ ಸಿದ್ದು, ನರ್ಸಿಂಗ್ ಓದಿ ಐರ್ಲೆಂಡ್ ದೇಶದ ಕಾರ್ಕ್ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಬಿಡುವಿನಲ್ಲಿ ಹಾಡು ಕಟ್ಟಿ ಹಾಡುತ್ತಾನೆ.

ಎರಡು ವರ್ಷಗಳ ಹಿಂದೆ ಅವನು ರಜೆಗೆ ಬಂದಿದ್ದ. ಹೊರಡುವ ದಿನ ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪರದೇಶದಲ್ಲಿ ಆ ಸಪ್ಪಳ ಕೇಳಬೇಕೆಂದು ಸಿದ್ದು ತನ್ನ ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡುತ್ತಿದ್ದ. ಹಾಗೆ ಕುಳಿತವನು, ಎಷ್ಟು ವರ್ಷಗಳಿಂದ ಹೇಳಬೇಕೆಂದುಕೊಂಡಿದ್ದನೋ, ಒಮ್ಮೆಲೇ ಹೇಳಿಬಿಟ್ಟ: ತನಗೆ ಹೆಣ್ಣು ನೋಡುವುದು ಬೇಡ, ತನ್ನ ಮನಸ್ಸು ಹುಡುಗರ ಕಡೆಗಿದೆ, ಕಾರ್ಕ್‌ನಲ್ಲಿ ಡೆಕ್ಲನ್ ಎಂಬ ಹುಡುಗನೊಡನೆ ಬಾಳುತ್ತಿದ್ದೇನೆ ಎಂದು. ಅವ್ವನ ಕೈ ನಿಂತಿತು. ಅವಳು ಒಂದು ಮಾತೂ ಆಡದೆ ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಸಿದ್ದು ಅರ್ಧ ತಾಸು ಕಾದು, ಬಸ್ಸಿನ ಹೊತ್ತಾಯಿತೆಂದು ಚೀಲ ಹೊತ್ತು ಹೋಗಿಬಿಟ್ಟ. ಇದಿಷ್ಟನ್ನು ಅವನೇ ಕಲಬುರಗಿ ಸ್ಟೇಶನ್ನಿನಿಂದ ನನಗೆ ಫೋನು ಮಾಡಿ ಹೇಳಿದ್ದ. ನನಗೂ ಅದು ಅಂದೇ ತಿಳಿದದ್ದು. ಏನು ಹೇಳಬೇಕೆಂದು ತೋಚದೆ ನಾನು, "ಟಿಕೆಟ್ಟು, ಪಾಸ್‌ಪೋರ್ಟು ಸರಿಯಾಗಿ ಇಟ್ಕೊಂಡೀ ಇಲ್ಲೋ?" ಎಂದು ಕೇಳಿದ್ದೆ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಂದಿನಿಂದ ತಾಯಿ ಮಗನ ಸಂಭಾಷಣೆ ಪ್ರತಿ ಭಾನುವಾರ ಎರಡು ಮಾತಿಗೆ ನಿಂತಿತು.

"ಉಂಡೀ?"

"ಉಂಡೀನಿ."

ಆಮೇಲೆ ಫೋನು, ಭಾನುವಾರ ತವರಿಗೆ ಹೋಗಿರುತ್ತಿದ್ದ ನನ್ನ ಕೈಗೆ ಬರುತ್ತಿತ್ತು.

ಹೋದ ವರ್ಷ ಸಿದ್ದು ಆ ಬೆಳಗಿನದೇ ಒಂದು ಹಾಡು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ. ರೊಟ್ಟಿ ಬಡಿಯುವ ಸಪ್ಪಳವೇ ಅದರ ತಾಳ. ಅದರ ಮೇಲೆ ಡೆಕ್ಲನ್ ನುಡಿಸುವ ಅಕಾರ್ಡಿಯನ್, ಅಂದರೆ ಎದೆಗೆ ಕಟ್ಟಿಕೊಂಡು ಎಳೆಯುವ ಹಾರ್ಮೋನಿಯಂ. ನಡುವೆ ನಮ್ಮ ಮನೆಯ ಮಾತಿನಲ್ಲೇ ಸಿದ್ದುವಿನ ದನಿ. "ಅವ್ವಾ, ನಾ ಮೆಚ್ಚಿದಾಂವ ಹುಡುಗ" ಎಂಬ ಸಾಲು ಬಂದಾಗ ರೊಟ್ಟಿಯ ಸಪ್ಪಳ ನಿಲ್ಲುತ್ತದೆ. ತುಸು ಹೊತ್ತು ಏನೂ ಇಲ್ಲ. ಬಳಿಕ, "ಅವ್ವ ಎದ್ದು ಹೋದಳು, ಹಂಚಿನ ಮ್ಯಾಲ ರೊಟ್ಟಿ ಸುಟ್ಟಿತು" ಎಂದು ಮೆಲ್ಲಗೆ ಹಾಡಿ ಮುಗಿಸುತ್ತಾನೆ.

ಆ ಹಾಡು ಎಲ್ಲೆಲ್ಲಿಗೋ ಹೋಯಿತು. ಒಂದು ದಿನ ಸ್ಟೇಶನ್ ಬಜಾರದಲ್ಲಿ ನಾನು ಹತ್ತಿದ ಆಟೋದಲ್ಲಿಯೂ ಅದೇ ಹಾಡು. ಆಟೋದವರು ಕಣ್ಣೊರೆಸಿಕೊಂಡು, "ಕೇಳ್ರಿ ಮೇಡಂ, ನಮ್ಮ ಕಡಿ ಹುಡುಗ ಹಾಡ್ಯಾನ. ಒಂದು ರೊಟ್ಟಿ ಸುಟ್ಟಿದ್ದಕ್ಕ ಎಷ್ಟ ಸಂಕಟ ಪಟ್ಟಾನ ನೋಡ್ರಿ" ಎಂದರು. ಅವರು ಹಾಡಿನ ನಡುವಿನ ಸಾಲನ್ನು ಹಾರ್ನ್ ಹೊಡೆಯುವ ಭರದಲ್ಲಿ ಕೇಳಿಸಿಕೊಂಡಿರಲಿಲ್ಲ. ನಾನು "ಹೌದ್ರಿ, ರೊಟ್ಟಿ ಸುಡಬಾರದು" ಎಂದು ಇಳಿದುಕೊಂಡೆ.

ಅವ್ವನಿಗೆ ಇದು ತಿಳಿಯಬಾರದೆಂದು ನಾನು ಎಷ್ಟು ಎಚ್ಚರ ವಹಿಸಿದ್ದೆನೋ ಅಷ್ಟೂ ವ್ಯರ್ಥವಾಯಿತು. ಬಾಳೆಗೊನೆ ಒಯ್ಯಲು ಬಂದ ವ್ಯಾಪಾರಿಯ ಫೋನಿನಲ್ಲಿ ಅವಳು ಅದನ್ನು ಕೇಳಿದಳು. ಹಾಡು ಆರಂಭವಾಗುವ ಮೊದಲೇ, "ಇದು ನನ್ನ ಕೈ" ಎಂದಳಂತೆ. ಮೂರು ಸಲ ಹಾಕಿಸಿ ಕೇಳಿದಳಂತೆ. ನಾನು ವಿಷಯ ತಿಳಿದು ಮರುದಿನದ ಮೊದಲ ಬಸ್ಸಿಗೇ ಹೋದೆ. ಅಳುತ್ತಿರುವಳೆಂದು ಭಾವಿಸಿದ್ದೆ. ಅವಳು ಕಟ್ಟೆಯ ಮೇಲೆ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಸುಳ್ಳ ಹಾಡ್ಯಾನ ನಿನ್ನ ತಮ್ಮ," ಎಂದಳು.

"ಯಾವುದವ್ವಾ ಸುಳ್ಳು? ನೀ ಎದ್ದು ಹೋಗಿಲ್ಲೇನು?"

"ಹೋಗೀನಿ. ಅಲ್ಲಿಗೇ ಮುಗೀತೇನು? ಅರ್ಧಾ ಹಾಡಿ ಅರ್ಧಾ ಬಿಟ್ಟಾನ. ಅರ್ಧಾ ಅಂದ್ರ ಸುಳ್ಳೇ."

"ಇನ್ನರ್ಧ ಏನು?"

"ನಿನಗ್ಯಾಕ? ಹಾಡಿದಾಂವ ನೀ ಅಲ್ಲಲ್ಲ. ಅವನ ಎದುರಿಗಿ ಕೂತು ಹೇಳ್ತೀನಿ. ಹಾಡು ತಿದ್ದಿಸ್ತೀನಿ."

ಫೋನಿನಲ್ಲಿ ಹೇಳಬಹುದಲ್ಲ ಎಂದೆ. ಅವಳು ನನ್ನನ್ನು ನೋಡಿದ ರೀತಿಯಲ್ಲಿ ನನ್ನ ಪದವಿಯ ಬಗ್ಗೆ ಅವಳಿಗಿದ್ದ ಗೌರವ ಸ್ವಲ್ಪ ಇಳಿದಂತೆ ಕಂಡಿತು.

ಅಪ್ಪನೂ ಹಾಡು ಕೇಳಿದ್ದ. ಸಿದ್ದುವಿನ ವಿಷಯ ಅವನಿಗೂ ಆ ಹಾಡಿನಿಂದಲೇ ತಿಳಿದದ್ದು. ಒಂದು ವಾರ ಏನೂ ಹೇಳದೆ, ಎಂಟನೆಯ ದಿನ, "ದನಿ ಛಲೋ ಅದ" ಎಂದ. ಅದಕ್ಕಿಂತ ಹೆಚ್ಚಿನ ಅಭಿಪ್ರಾಯ ಅವನಿಂದ ಇಂದಿಗೂ ಬಂದಿಲ್ಲ.

ಗಾಜಿಪುರ, ಚೀಲ ಕಟ್ಟಿದ್ದು

ಈ ಬೇಸಿಗೆಯಲ್ಲಿ ಕಾರ್ಕ್‌ನ ಒಂದು ಬಡಾವಣೆಯ ಜಾತ್ರೆಯಂತಹ ಕೂಟದಲ್ಲಿ ಸಿದ್ದು ಹಾಡುವವನಿದ್ದ. "ಅಕ್ಕಾ, ನೀ ಬಾ. ಅವ್ವ ಬರಂಗಿಲ್ಲ, ಗೊತ್ತದ," ಎಂದು ಬರೆದಿದ್ದ. ಅವ್ವ ಬರುತ್ತಾಳೆಂದು ನಾನು ತಿಳಿಸಿದಾಗ ಅವನಿಂದ ಎರಡು ದಿನ ಉತ್ತರವೇ ಇರಲಿಲ್ಲ. ಅವಳು ಏಕೆ ಬರುತ್ತಿದ್ದಾಳೆಂಬುದನ್ನು ನಾನು ತಿಳಿಸಿರಲಿಲ್ಲ. ಇಬ್ಬರೂ ಎದುರುಬದುರು ಕುಳಿತು ಮಾತು ಕೆಟ್ಟರೆ, ಭಾನುವಾರದ ಆ ಎರಡು ಮಾತುಗಳೂ ಹೋಗುತ್ತವೆ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಹೊರಡುವ ಮುನ್ನಾದಿನ ಅವ್ವ ಕಲಬುರಗಿಯ ಗಾಜಿಪುರದಲ್ಲಿರುವ ನಮ್ಮ ಮನೆಗೆ ಬಂದು, ಎರಡು ಗಂಟುಗಳನ್ನು ಬಿಚ್ಚಿ ಚಾಪೆಯ ಮೇಲೆ ಇಟ್ಟಳು. ಒಂದರಲ್ಲಿ ಖಣ, ಸೀರೆ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ. ಇನ್ನೊಂದರಲ್ಲಿ ಶರ್ಟಿನ ಬಟ್ಟೆ, ಟವೆಲ್ಲು, ಟೊಪ್ಪಿಗೆ.

ನಮ್ಮ ಕಡೆಯ ಓದುಗರಿಗೆ ಇದರ ತೊಡಕನ್ನು ವಿವರಿಸಬೇಕಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಸಂಬಂಧ ಬೆಳೆಸಿದ ಮನೆಯ ಹೆಣ್ಣುಮಕ್ಕಳಿಗೆ ಸೆರಗಿನಲ್ಲಿ ಉಡಿ ತುಂಬುತ್ತೇವೆ. ಗಂಡಸರಿಗೆ ಬಟ್ಟೆ ಟೊಪ್ಪಿಗೆ ಕೊಟ್ಟು ಆಯೇರಿ ಮಾಡುತ್ತೇವೆ. ಸೊಸೆಯಾದರೆ ಉಡಿ, ಅಳಿಯನಾದರೆ ಆಯೇರಿ. ಇದರಲ್ಲಿ ತಪ್ಪಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ.

"ನೀ ಓದಿದಾಕಿ. ಹೇಳು, ಆ ಹುಡುಗಗ ಯಾವುದು ಕೊಡಬೇಕು?"

ಅವ್ವ ಹಾಡು ತಿದ್ದಿಸಲು ಹೊರಟವಳು ಇದನ್ನೆಲ್ಲ ಏಕೆ ಕಟ್ಟಿಕೊಂಡಳೆಂದು ನನಗೆ ಆಶ್ಚರ್ಯವಾಯಿತು. ಕೇಳಿದರೆ, "ಜಗಳ ಬ್ಯಾರೆ, ರೀತಿ ಬ್ಯಾರೆ" ಎಂದಳು. ನಾನು ಬಹಳ ಯೋಚಿಸಿ, ಈ ಸಂದರ್ಭಕ್ಕೆ ಪೂರ್ವನಿದರ್ಶನ ಲಭ್ಯವಿಲ್ಲವಾದ್ದರಿಂದ ಎರಡನ್ನೂ ಒಯ್ಯುವುದು ಸೂಕ್ತವೆಂದು ಅಭಿಪ್ರಾಯಪಟ್ಟೆ. ನನ್ನ ಯಜಮಾನರು ಪತ್ರಿಕೆಯ ಹಿಂದಿನಿಂದ, "ನನ್ನ ಮದುವ್ಯಾಗ ಟೊಪಗಿ ಸಣ್ಣದಾಗಿತ್ತು. ಈ ಸಲ ಅಳತಿ ನೋಡಿ ಕೊಡ್ರಿ ಅತ್ತಿ" ಎಂದರು. ಹತ್ತು ವರ್ಷದ ಹಿಂದಿನ ಟೊಪ್ಪಿಗೆಯ ಮಾತು ಇನ್ನೂ ಮನೆಯಲ್ಲಿ ತಿರುಗುತ್ತಿರುವುದನ್ನು ನೋಡಿ ಅವ್ವನ ಗಾಬರಿ ಇನ್ನೂ ಹೆಚ್ಚಾಯಿತು.

ಡಬ್ಲಿನ್ ವಿಮಾನ ನಿಲ್ದಾಣ

ಹೈದರಾಬಾದಿನಿಂದ ಎರಡು ವಿಮಾನ ಬದಲಾಯಿಸಿ ಡಬ್ಲಿನ್ ತಲುಪಿದೆವು. ಪಾಸ್‌ಪೋರ್ಟ್ ನೋಡುವ ಗಾಜಿನ ಗೂಡಿನ ಮುಂದೆ ಹೇಳಬೇಕಾದ ವಾಕ್ಯಗಳನ್ನು ನಾನು ಒಂದು ತಿಂಗಳಿನಿಂದ ಕಂಠಪಾಠ ಮಾಡಿದ್ದೆ. ಆದರೆ ಅಧಿಕಾರಿಯು ನನ್ನನ್ನು ಬಿಟ್ಟು ಅವ್ವನ ಕಡೆಗೆ ತಿರುಗಿ, ಬಂದ ಉದ್ದೇಶವೇನೆಂದು ಕೇಳಿದ.

"ಏನಂತಾನ?"

"ಯಾಕ ಬಂದೀರಿ ಅಂತ ಕೇಳಾಕತ್ತಾನ."

"ಹಾಡು ತಿದ್ದಿಸಲಿಕ್ಕ ಬಂದೀವಿ ಅಂತ ಹೇಳು."

ಸರಕಾರಿ ಅಧಿಕಾರಿಯ ಮುಂದೆ ಸುಳ್ಳು ಹೇಳಿಕೆ ನೀಡುವುದು ನನ್ನಿಂದಾಗದ ಕೆಲಸ. ಹಾಗೆಯೇ ಅನುವಾದಿಸಿದೆ. ಅವನ ಮುಖ ಅರಳಿತು. ತಾಯಿಯವರು ಸಂಗೀತ ಕ್ಷೇತ್ರದಲ್ಲಿದ್ದಾರೆಯೇ ಎಂದು ಕೇಳಿದ. ಇಲ್ಲ, ಬಾಳೆ ಬೆಳೆಯುತ್ತಾರೆ, ಆದರೆ ಹಾಡಿನಲ್ಲಿ ತಾಳ ಅವರದೇ ಎಂದೆ. ಅವನು ಮುದ್ರೆ ಒತ್ತುತ್ತಾ, ಈ ದೇಶದಲ್ಲಿ ಹಾಡು ತಿದ್ದುವವರಿಗೇನೂ ಕೊರತೆಯಿಲ್ಲ, ಹಾಡುವವನ ಪಕ್ಕದಲ್ಲೇ ನಾಲ್ಕು ಜನ ನಿಂತಿರುತ್ತಾರೆ ಎಂದ.

ಸುಂಕದ ಅಧಿಕಾರಿ ಅಷ್ಟು ಸರಳವಾಗಿರಲಿಲ್ಲ. ಹಾಲಿನ ಪದಾರ್ಥ ತರುವಂತಿಲ್ಲವೆಂದು ಅವ್ವನ ತುಪ್ಪದ ಡಬ್ಬಿಯನ್ನು ತೆಗೆದಿಟ್ಟ. ಎಲ್ಲವನ್ನೂ ಓದಿಕೊಂಡು ಬಂದಿದ್ದ ನಾನು ಅದನ್ನು ಸೀರೆಯ ನಡುವೆ ಸುತ್ತಿಟ್ಟದ್ದನ್ನು ನೋಡಿರಲಿಲ್ಲ. ಅವ್ವ ಜಗಳವಾಡಲಿಲ್ಲ. "ತಗೋ. ಆದ್ರ ಚೆಲ್ಲಬ್ಯಾಡಪಾ. ಬಿಸಿ ಅನ್ನದಾಗ ಹಾಕ್ಕೊಂಡು ಉಣ್ಣು" ಎಂದು ತಾನೇ ಅವನ ಕೈಗೆ ಇಟ್ಟಳು. ವಶಪಡಿಸಿಕೊಂಡದ್ದು ಉಡುಗೊರೆಯಾಗಿಬಿಟ್ಟಿತು. ಅವನು ಅದನ್ನು ಕಸದ ಡಬ್ಬಿಗೆ ಹಾಕಲಾಗದೆ, ಹಿಡಿದುಕೊಂಡೇ ನಿಂತಿದ್ದ. ನಾವು ಹೊರಗೆ ಹೋಗುವವರೆಗೂ ನಿಂತಿದ್ದ.

ಹೊರಗೆ ಸಿದ್ದು ಇರಲಿಲ್ಲ. ಅವನಿಗೆ ಪಾಳಿ ಇತ್ತು. ಇತ್ತೋ, ಹಾಕಿಸಿಕೊಂಡಿದ್ದನೋ ತಿಳಿಯದು. ಉದ್ದನೆಯ, ಕೆಂಚು ಗಡ್ಡದ ಒಬ್ಬ ಮನುಷ್ಯ "ಅವ್ವ" ಎಂದು ಕನ್ನಡದಲ್ಲಿ ಬರೆದ ರಟ್ಟು ಹಿಡಿದು ನಿಂತಿದ್ದ.

"ಇಂವನೇ ಏನು?"

"ಹೌದವ್ವಾ. ಸಾಲಿ ಮಾಸ್ತರ. ಗಣಿತ ಕಲಿಸ್ತಾನ."

ಅವ್ವ ಅವನನ್ನು ಬಾಳೆಗೊನೆ ನೋಡುವಂತೆ ಬುಡದಿಂದ ತುದಿಯವರೆಗೆ ನೋಡಿದಳು. ಡೆಕ್ಲನ್ ತನಗೆ ಬರುತ್ತಿದ್ದ ಒಂದೇ ಒಂದು ಕನ್ನಡ ವಾಕ್ಯವನ್ನು ಹೇಳಿದ: "ಊಟ ಆತೇನ್ರಿ?"

ಆಗ ಅಲ್ಲಿ ಬೆಳಗಿನ ಏಳು ಗಂಟೆ. ಕಾರ್ಕ್‌ನ ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಮತ್ತೊಮ್ಮೆ ಕೇಳಿದ. ಕಾರಿನಿಂದ ಇಳಿಯುವಾಗ ಮತ್ತೊಮ್ಮೆ. ಬೇರೆ ಯಾವ ಊರಿನವರಿಗಾದರೂ ಇದು ವಿಚಿತ್ರವೆನಿಸುತ್ತಿತ್ತು. ಕಮಲಾಪುರದವರಿಗೆ ಮಾತ್ರ ಇದು ಎಷ್ಟು ಸಲ ಕೇಳಿದರೂ ಸಲ್ಲುವ ಪ್ರಶ್ನೆ. "ಹಿರ್ಯಾರು ಛಲೋ ಕಲಿಸ್ಯಾರ" ಎಂದಳು ಅವ್ವ. ಬಳಿಕ ತಾನು ಜಗಳಕ್ಕೆ ಬಂದವಳೆಂದು ನೆನಪಾಗಿ ಕಿಟಕಿಯ ಕಡೆಗೆ ತಿರುಗಿದಳು.

ಕಾರ್ಕ್, ಮೂರನೆಯ ದಿನ

ನಾವು ತಲುಪಿದ ದಿನವೇ ಸಂಜೆ ಸಿದ್ದು ಬಂದವನು ಅವ್ವನ ಕಾಲು ಮುಟ್ಟಿ ನಮಸ್ಕರಿಸಿದ. "ಉಂಡೀ?" ಎಂದಳು. "ಉಂಡೀನಿ" ಎಂದ. ಇಷ್ಟು ದೂರ ಬಂದರೂ ಅದೇ ಎರಡು ಮಾತು. ಅವರಿಬ್ಬರೂ ಒಂದೇ ಮನೆಯಲ್ಲಿದ್ದರೂ, ಅವಳು ಅಡುಗೆಮನೆಗೆ ಹೋದರೆ ಅವನು ಹೊರಗೆ, ಅವನು ಒಳಗೆ ಬಂದರೆ ಅವಳು ಸ್ನಾನಕ್ಕೆ. ನಡುವೆ ನಾನೂ ಡೆಕ್ಲನ್ನೂ ಹವಾಮಾನದ ಬಗ್ಗೆ ಮಾತಾಡುತ್ತಿದ್ದೆವು. ಆ ದೇಶದಲ್ಲಿ ಹವಾಮಾನ ಗಂಟೆಗೊಮ್ಮೆ ಬದಲಾಗುವುದರಿಂದ ವಿಷಯಕ್ಕೆ ಕೊರತೆಯಾಗಲಿಲ್ಲ. ಕಲಬುರಗಿಯಲ್ಲಿ ನಾವು ಈ ವಿಷಯವನ್ನು "ಬಿಸಲು ಭಾಳ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ; ಅವರು ಅದರ ಮೇಲೆ ಒಂದು ಸಂಸ್ಕೃತಿಯನ್ನೇ ಕಟ್ಟಿದ್ದಾರೆ.

ಜನರ ಇನ್ನೊಂದು ಅಭ್ಯಾಸವೆಂದರೆ ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಕೃತಜ್ಞತೆ ಹೇಳುವುದು. ಅವ್ವ ಅದನ್ನು ಮೆಚ್ಚಿ, ತಾನೂ ಇಳಿಯುವಾಗ ಡ್ರೈವರನ ಹೆಗಲು ತಟ್ಟಿ "ಬರ್ತೀನಪಾ, ಹುಷಾರಾಗಿ ಹೋಗು" ಎನ್ನತೊಡಗಿದಳು. ಹಿಂದೆ ಸಾಲು ನಿಂತರೂ ಯಾರೂ ಗೊಣಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವ್ವ ಊರಿನಿಂದ ತಂದಿದ್ದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ಕುಳಿತಳು. ಮರದ ನೆಲದ ಮೇಲೆ ಕಟ್ಟಿಗೆಯ ಹಲಗೆಯಿಟ್ಟು ಬಡಿದರೆ ಮನೆಯೇ ತಬಲಾ ಆಯಿತು. ಸಪ್ಪಳಕ್ಕೆ ಸಿದ್ದು ಬಂದು ಬಾಗಿಲಲ್ಲಿ ನಿಂತ. ಆ ದಿನದ ನಂತರ ಅವನು ಆ ಸಪ್ಪಳದ ಎದುರು ನಿಂತದ್ದು ಇದೇ ಮೊದಲು. ಅವ್ವನ ಕೈ ನಿಧಾನವಾಯಿತು. ತಲೆ ಎತ್ತದೆಯೇ, "ಸಿದ್ದ್ಯಾ, ಆವತ್ತ..." ಎಂದು ಆರಂಭಿಸಿದಳು.

ಬಾಗಿಲು ಬಡಿದ ಸದ್ದಾಯಿತು.

ಕೆಳಮನೆಯ ಮುದುಕಿಯೊಬ್ಬರು ಬಂದಿದ್ದರು. ನಮ್ಮ ಗಾಜಿಪುರದಲ್ಲಿ ಮೇಲಿನ ಮನೆಯ ಸದ್ದು ಹೆಚ್ಚಾದರೆ ಕೆಳಗಿನವರು ಕೋಲಿನಿಂದ ಛಾವಣಿಗೆ ಗುದ್ದುತ್ತಾರೆ; ಕಾರ್ಕ್‌ನಲ್ಲಿ ಮೇಲೆ ಬಂದು "ಎಲ್ಲರೂ ಆರೋಗ್ಯವೇ?" ಎಂದು ವಿಚಾರಿಸುತ್ತಾರೆ. ಇದು ದೂರು ಎಂಬುದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕ್ಷಮೆ ಕೋರುವ ನನ್ನ ವಾಕ್ಯ ಇನ್ನೂ ಪೂರ್ಣವಾಗಿರಲಿಲ್ಲ, ಅವರು ಕಿವಿಗೊಟ್ಟು, "ಅಯ್ಯೋ, ಇದು ಆ ಹಾಡಲ್ಲವೇ!" ಎಂದು ಒಳಗೆ ಬಂದೇಬಿಟ್ಟರು. ಅವ್ವನ ಕೈಯನ್ನು ನೋಡುತ್ತಾ, ಸಿದ್ದುವಿನಿಂದ ಅರ್ಥ ಕೇಳಿ ತಿಳಿದಿದ್ದ ಕನ್ನಡ ಸಾಲನ್ನು ತಮ್ಮ ರೀತಿಯಲ್ಲಿ ಗುನುಗಿದರು. ತಾಳ ನಿಲ್ಲುವ ಕಡೆ ಸರಿಯಾಗಿ ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು, "ಪಾಪ, ಆ ತಾಯಿ ಎದ್ದು ಹೋದಳಂತಲ್ಲ" ಎಂದರು.

"ಏನಂತಾಳ?" ಎಂದಳು ಅವ್ವ.

ನಾನು ಹೇಳಲಿಲ್ಲ. ಆದರೆ ಮುಖ ನೋಡಿದರೆ ಯಾವ ಭಾಷೆಯಾದರೇನು? ಸಮುದ್ರದಾಚೆಯ ಒಬ್ಬ ಅಪರಿಚಿತ ಮುದುಕಿಯ ಕಣ್ಣಿನಲ್ಲಿ ತಾನು ಎದ್ದು ಹೋದವಳಾಗಿಯೇ ಉಳಿದಿದ್ದೇನೆಂಬುದು ಅವಳಿಗೆ ಗೊತ್ತಾಯಿತು. ಹಂಚಿನ ಮೇಲಿದ್ದ ಬಿಸಿ ರೊಟ್ಟಿಯನ್ನು ಮಡಿಚಿ ಮುದುಕಿಯ ಕೈಗೆ ಕೊಟ್ಟಳು. ಸಿದ್ದು ಅಷ್ಟರಲ್ಲಿ ಆಸ್ಪತ್ರೆಗೆ ಹೊರಟುಹೋಗಿದ್ದ.

ಬ್ರೀಡಾ ಅವರ ಮನೆ

ಐದನೆಯ ದಿನ ಡೆಕ್ಲನ್ ತನ್ನ ತಾಯಿ ಬ್ರೀಡಾ ಅವರ ಹಳ್ಳಿಮನೆಗೆ ನಮ್ಮನ್ನು ಕರೆದೊಯ್ದ. ಅವರು ಆಕಳು ಸಾಕಿದವರು. ಹೋದ ಕೂಡಲೇ ಚಹಾ ಬೇಕೇ ಎಂದರು. ಅವ್ವ ಬೇಡವೆಂದಳು. ಮತ್ತೆ ಕೇಳಿದರು, ಮತ್ತೆ ಬೇಡವೆಂದಳು. ಮೂರನೆಯ ಸಲ ಕೇಳುವುದರೊಳಗೆ ಕಪ್ಪು ಕೈಯಲ್ಲಿತ್ತು. ವಿಮಾನದಲ್ಲಿ "ಚಹಾ?" ಎಂದಾಗ ಸಂಕೋಚಕ್ಕೆ ಬೇಡವೆಂದು, ಎರಡನೆಯ ಸಲ ಕೇಳದೆ ಅವರು ಮುಂದೆ ಹೋದದ್ದಕ್ಕೆ ಸಿಟ್ಟಾಗಿದ್ದ ಅವ್ವ, "ಇವರು ನಮ್ಮ ಮಂದಿಯಂಗ ಇದ್ದಾರ. ಹ್ಯಾಂಗ ಕೇಳಬೇಕಂತ ಗೊತ್ತದ" ಎಂದಳು.

ಇಬ್ಬರು ತಾಯಂದಿರೂ ನನ್ನ ಮೂಲಕ ಮಾತಾಡಿದರು. ಬೆಳೆ, ಮೇವು, ಮಂಡಿನೋವು. ಬಳಿಕ ಬ್ರೀಡಾ, ಡೆಕ್ಲನ್ ತಮಗೆ ತನ್ನ ವಿಷಯ ತಿಳಿಸಿದ ದಿನದ ಮಾತು ತೆಗೆದರು. ಏನು ಹೇಳುವುದೆಂದು ತಿಳಿಯದೆ "ಆಕಳು ಕರೆಯಬೇಕು" ಎಂದು ಎದ್ದು ಕೊಟ್ಟಿಗೆಗೆ ಹೋದರಂತೆ. ಆಕಳುಗಳನ್ನು ಆಗಲೇ ಕರೆದಾಗಿತ್ತಂತೆ. ಒಂದು ತಾಸು ಸುಮ್ಮನೆ ಅವುಗಳ ನಡುವೆ ನಿಂತಿದ್ದರಂತೆ.

ನಾನು ಅನುವಾದಿಸಿದೆ. ಅವ್ವ ಕಪ್ಪು ಕೆಳಗಿಟ್ಟಳು.

"ತಿರುಗಿ ಬಂದ್ಲೇನು, ಕೇಳು."

"ಬಂದ್ರಂತ."

"ಆಗ ಮಗ ಎಲ್ಲಿದ್ದ?"

"ಇಲ್ಲೇ ಕೂತಿದ್ನಂತ."

"ಹ್ಞಾಂ," ಎಂದಳು ಅವ್ವ. "ಇವಳ ಮಗ ಕೂತಿದ್ದ." ಸ್ವಲ್ಪ ಹೊತ್ತಿನಲ್ಲಿ ಎದ್ದು ಗಂಟು ತರಿಸಿದಳು. ಇಷ್ಟು ದಿನಗಳ ಸಮಸ್ಯೆಯನ್ನು ತಾನೇ ಬಿಡಿಸಿಕೊಂಡಿದ್ದಳು: "ಹುಡುಗ ಅಳಿಯ ಅಂತೀಯೋ, ಸೊಸಿ ಅಂತೀಯೋ, ನನಗ ತಿಳಿಯಂಗಿಲ್ಲ. ಬೀಗಿತಿ ಅಂತೂ ಬೀಗಿತೀನೇ. ಅದ್ರಾಗ ಅನುಮಾನಿಲ್ಲ."

ಬ್ರೀಡಾ ಅವರಿಗೆ ಉಡಿ ತುಂಬಿದಳು. ಅವರು ಪ್ಯಾಂಟು ಹಾಕಿದ್ದರಿಂದ ಸೆರಗಿಗೆ ಬದಲಾಗಿ ಅಡುಗೆಮನೆಯ ಟವೆಲ್ಲನ್ನು ಸೊಂಟಕ್ಕೆ ಸಿಕ್ಕಿಸಬೇಕಾಯಿತು. ಡೆಕ್ಲನ್‌ಗೆ ಟೊಪ್ಪಿಗೆ ಇಟ್ಟಳು. ಅದೂ ಸಣ್ಣದಾಯಿತು. ನಮ್ಮ ಮನೆಯವರ ಅಳತೆ ನೋಡಿ ತಂದಿದ್ದಳಂತೆ.

ಹಾಡಿನ ದಿನ

ಏಳನೆಯ ದಿನ ಮಧ್ಯಾಹ್ನ ಒಂದು ಉದ್ಯಾನದಲ್ಲಿ ಕೂಟ. ಬಿಸಿಲಿತ್ತು, ಅದಕ್ಕಾಗಿ ಎಲ್ಲರೂ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದರು. ಅವ್ವನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದರು. ನಾನು ಅವಳ ಸೆರಗಿನ ತುದಿಯನ್ನು ಗುಟ್ಟಾಗಿ ಹಿಡಿದುಕೊಂಡಿದ್ದೆ.

ಸಿದ್ದು ವೇದಿಕೆಗೆ ಬಂದ. ಪಕ್ಕದಲ್ಲಿ ಡೆಕ್ಲನ್. ಎರಡು ಹಾಡುಗಳ ನಂತರ ರೊಟ್ಟಿಯ ಸಪ್ಪಳ ಆರಂಭವಾಯಿತು. ಜನ ಚಪ್ಪಾಳೆ ತಟ್ಟಿದರು. ಅವ್ವ ಕದಲಲಿಲ್ಲ. "ಅವ್ವಾ, ನಾ ಮೆಚ್ಚಿದಾಂವ ಹುಡುಗ." ಸಪ್ಪಳ ನಿಂತಿತು. "ಅವ್ವ ಎದ್ದು ಹೋದಳು" ಎಂದು ಸಿದ್ದು ಹಾಡುತ್ತಿದ್ದಂತೆ ನನ್ನ ಕೈಯೊಳಗಿದ್ದ ಸೆರಗು ಜಾರಿತು. ಅವ್ವ ಎದ್ದು ನಿಂತಿದ್ದಳು.

ಅವಳು ಎದ್ದದ್ದನ್ನು ನೋಡಿದ ಹಿಂದಿನ ಸಾಲಿನವರು ಇದು ಹಾಡಿನ ಸಂಪ್ರದಾಯವಿರಬಹುದೆಂದು ತಾವೂ ಎದ್ದರು. ಅವರ ಹಿಂದಿನವರೂ ಎದ್ದರು. ಒಂದು ನಿಮಿಷದಲ್ಲಿ ಇಡೀ ಉದ್ಯಾನ, ಐಸ್‌ಕ್ರೀಮಿನ ಗಾಡಿಯವನು ಸಹಿತ, ನಿಂತಿತ್ತು. ಸಿದ್ದು ಹಾಡು ನಿಲ್ಲಿಸಿದ.

"ಅವ್ವಾ, ಏನಾತು?" ಎಂದ. ಮೈಕು ಬಾಯಿಯ ಮುಂದೆಯೇ ಇತ್ತು.

"ತಿರುಗಿ ಬಂದಿದ್ದೆನೋ, ಹುಚ್ಚಪ್ಯಾಲಿ!"

"ಯಾವಾಗ?"

"ನೀ ಬಸ್ ಹತ್ತಿ ಹೋದ ಮ್ಯಾಲ!"

"ಮತ್ತ ಅದು ನನಗ ಹ್ಯಾಂಗ ಗೊತ್ತಾಗಬೇಕು?"

"ಕೂತಿದ್ದರ ಗೊತ್ತಾಗತಿತ್ತು!"

"ಅರ್ಧಾ ತಾಸು ಕೂತಿದ್ದೆ ಅವ್ವಾ! ರೊಟ್ಟಿ ಸುಟ್ಟು ಹೊಗಿ ಬಂತು. ನೀ ಬರಲಿಲ್ಲ."

"ತ್ವಾಟ ಏನು ಹಿತ್ತಲದಾಗ ಅದೇನೋ? ಹಳ್ಳ ದಾಟಿ ಹೋಗಬೇಕು. ಮೊದಲು ಬದುವಿನ ಮ್ಯಾಲ ಕೂತು ಅತ್ತೆ. ಸುಳ್ಯಾಕ ಹೇಳಲಿ, ಭಾಳ ಅತ್ತೆ. ಆಮ್ಯಾಲ ನಿನ್ನ ಬಸ್ಸಿನ ಹೊತ್ತು ನೆನಪಾತು. ಬಾಳಿಹಣ್ಣು ಕೊಯ್ಕೊಂಡು ಓಡಿ ಬಂದೆ. ಕದ ತೆರದಿತ್ತು. ನೀ ಇದ್ದಿಲ್ಲ."

ಸಿದ್ದುವಿನ ದನಿ ಸಣ್ಣದಾಯಿತು. "ಬಾಳಿಹಣ್ಣ್ಯಾಕವ್ವಾ?"

"ಯಾಕ ಅಂದ್ರ? ಆ ಹುಡುಗನ ಮನಿಗಿ ಹೊಂಟೀನಿ ಅಂದಿ. ಒಬ್ಬರ ಮನಿಗಿ ಬರಿಗೈಲೆ ಕಳಸ್ತಾರೇನೋ?"

ಸಿದ್ದು ಮೈಕನ್ನು ಕೆಳಗಿಳಿಸಿದ. ಸುತ್ತಲಿದ್ದವರಿಗೆ ಏನೂ ತಿಳಿಯದು. ಆದರೂ ಯಾರೂ ಕುಳಿತುಕೊಳ್ಳಲಿಲ್ಲ. ಕೂಟದ ವ್ಯವಸ್ಥೆ ನೋಡುವ ಹೆಂಗಸೊಬ್ಬರು ಬಂದು, ದಯವಿಟ್ಟು ಜನರಿಗೆ ವಿವರಿಸಿ ಎಂದು ನನ್ನ ಕೈಗೆ ಇನ್ನೊಂದು ಮೈಕು ಕೊಟ್ಟುಬಿಟ್ಟರು.

ಓದುಗರೇ, ನಾನು ಕಚೇರಿಯ ಸಭೆಯಲ್ಲಿಯೂ ಎದ್ದು ಮಾತನಾಡಿದವಳಲ್ಲ. ನೂರಾರು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಬಂದದ್ದು ಕಡತದ ಇಂಗ್ಲಿಷು. ಅದರಲ್ಲೇ ಹೇಳಿದೆ: ಈ ಹಾಡಿನಲ್ಲಿ ಉಲ್ಲೇಖಿತರಾದ ತಾಯಿ ತಾವೇ ಎಂದು ಇವರು ತಿಳಿಸುತ್ತಾರೆ. ತಾವು ಎದ್ದು ಹೋದದ್ದು ನಿಜವೆಂದು ಒಪ್ಪುತ್ತಾರೆ. ಆದರೆ ಮಗನ ಸಂಗಾತಿಯ ಮನೆಗೆ ಕಳುಹಿಸಲು ಹಣ್ಣು ತರುವ ಸಲುವಾಗಿ ಹೋಗಿದ್ದು, ತರುವಾಯ ಹಿಂದಿರುಗಿರುತ್ತಾರೆ. ಈ ಅಂಶವು ಹಾಡಿನಲ್ಲಿ ಬಿಟ್ಟುಹೋಗಿರುವುದರಿಂದ ಅದನ್ನು ತಿದ್ದಬೇಕೆಂದು ಕೋರುತ್ತಾರೆ.

ಅವ್ವ ಆ ಅಳುವನ್ನೂ ಆ ಹಣ್ಣನ್ನೂ ಎರಡು ವರ್ಷ ನನಗೂ ಹೇಳದೆ ಇಟ್ಟುಕೊಂಡಿದ್ದಳಲ್ಲ. ಅತ್ತ ಮಾತನ್ನು ಅನುವಾದಿಸಲು ನನ್ನಿಂದ ಆಗಲಿಲ್ಲ. ಅದು ನನ್ನ ಅನುವಾದದಲ್ಲಿನ ಲೋಪ, ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೊದಲು ಡೆಕ್ಲನ್ ಅತ್ತ. ಬಳಿಕ ಹಿಂದಿನ ಸಾಲಿನಲ್ಲಿದ್ದ ಕೆಳಮನೆಯ ಮುದುಕಿ. ಜನ ಕೂಗತೊಡಗಿದರು: ಮೊದಲಿನಿಂದ ಹಾಡಿ, ಮೊದಲಿನಿಂದ! ಸಿದ್ದು ಮುಖ ಒರೆಸಿಕೊಂಡು ಮೊದಲಿನಿಂದ ಹಾಡಿದ. ಎದ್ದು ಹೋದ ಸಾಲಿನ ನಂತರ ಹೊಸ ಮಾತು ಅವನ ಬಳಿ ಇನ್ನೂ ಇರಲಿಲ್ಲ. ಸುಮ್ಮನೆ ಅಂಗೈಗೆ ಅಂಗೈ ಬಡಿದು ರೊಟ್ಟಿಯ ಸಪ್ಪಳವನ್ನು ಮತ್ತೆ ಆರಂಭಿಸಿದ.

"ಅಷ್ಟ ಜೋರಾಗಿ ಬಡೀಬ್ಯಾಡ," ಎಂದು ಅವ್ವ ಕೆಳಗಿನಿಂದ ಕೂಗಿದಳು, "ರೊಟ್ಟಿ ಹರೀತದ!"

ಅದನ್ನೂ ಅನುವಾದಿಸಿರೆಂದು ಜನ ಕೇಳಿದರು. ಅನುವಾದಿಸಿದೆ. ಉದ್ಯಾನವಿಡೀ ಅಂಗೈಗೆ ಅಂಗೈ ಮೆಲ್ಲಗೆ ಬಡಿಯಿತು.

ಮತ್ತೆ ಕಮಲಾಪುರ

ಉಳಿದ ಐದು ದಿನಗಳಲ್ಲಿ ಸಮುದ್ರ ನೋಡಿದೆವು. ಚೆನ್ನಾಗಿತ್ತು.

ನಮ್ಮ ಕುಟುಂಬದಲ್ಲಿ ಆನಂತರ ಆದ ಬದಲಾವಣೆಗಳನ್ನು ಇದ್ದಂತೆಯೇ ಹೇಳಿ ಮುಗಿಸುತ್ತೇನೆ. ಸಿದ್ದು ಹಾಡಿಗೆ ಇನ್ನೊಂದು ಚರಣ ಸೇರಿಸಿದ್ದಾನೆ. ಅದು ಮೊದಲಿನದರಷ್ಟು ಜನಪ್ರಿಯವಾಗಿಲ್ಲ. ದುಃಖದ ಹಾಡನ್ನೇ ಜನ ಹೆಚ್ಚು ಕೇಳುತ್ತಾರೆ. ಕೋಟನೂರದಲ್ಲಿರುವ ಸೋದರಮಾವ ವಿಷಯ ತಿಳಿದು ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾನೆ. ತನ್ನ ಮಗಳ ಮದುವೆಗೂ ನಮ್ಮನ್ನು ಕರೆಯಲಿಲ್ಲ. ಅವ್ವನಿಗೆ ಅದು ನೋವಾಗಿದೆ, ಅವಳು ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಫೋನಿನಲ್ಲಿ ಡೆಕ್ಲನ್‌ನೊಡನೆ ಮಾತಾಡುತ್ತಾನೆ: ಒಬ್ಬ "ಊಟ ಆತೇನ್ರಿ?" ಎನ್ನುತ್ತಾನೆ, ಇನ್ನೊಬ್ಬ "ಹ್ಞೂಂ, ಆತು" ಎನ್ನುತ್ತಾನೆ, ಇಬ್ಬರಿಗೂ ಅಷ್ಟು ಸಾಕು. ನಾನು ಕಚೇರಿಯಲ್ಲಿ ತಮ್ಮನ ಮದುವೆಯ ಬಗ್ಗೆ ಕೇಳಿದವರಿಗೆ ಈಗ ನಿಜ ಹೇಳುತ್ತೇನೆ. ಇಬ್ಬರು ಮಾತು ಬಿಟ್ಟರು, ಒಬ್ಬರು ಗುಟ್ಟಾಗಿ ಬಂದು ತಮ್ಮ ಮಗನ ವಿಷಯ ಹೇಳಿಕೊಂಡರು.

ಅವ್ವ ಮತ್ತು ಸಿದ್ದು ಪ್ರತಿ ಭಾನುವಾರ ಫೋನಿನಲ್ಲಿ ಜಗಳವಾಡುತ್ತಾರೆ. ಹೊಸ ಚರಣದಲ್ಲಿ ತಾನು ಓಡಿ ಬಂದದ್ದನ್ನು ಅವನು ಸರಿಯಾಗಿ ಹಾಡಿಲ್ಲವೆಂದು ಅವಳು, ಇನ್ನು ತಿದ್ದುವುದಿಲ್ಲವೆಂದು ಅವನು. ಜಗಳ ಕೆಲವೊಮ್ಮೆ ಒಂದು ತಾಸಾದರೂ ಮುಗಿಯುವುದಿಲ್ಲ. ಫೋನು ನನ್ನ ಕೈಗೆ ಬರುವುದೇ ಇಲ್ಲ.